ಎರಡು ಕೊಡ ನೀರು

ನನ್ನ ಅಣ್ಣನ ಮಗಳು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾಳೆ. ದಿನಾ ಕೊಯಮತ್ತೂರಿನಿಂದ ರೈಲಿನಲ್ಲಿ ಹೋಗಿ ಬರುವುದು. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ, ಅಷ್ಟೂ ಹೊತ್ತು ಕೈಯಲ್ಲಿ ಪುಸ್ತಕ. ಪೀಳಮೇಡಿನಲ್ಲಿ ತೆರೆದದ್ದನ್ನು ಸೋಮನೂರು ದಾಟಿದರೂ ಮುಚ್ಚುವುದಿಲ್ಲ. ಓದುವುದು ಒಂದೇ ಬಗೆ: ಮನುಷ್ಯರು ಮನುಷ್ಯರಲ್ಲದವರನ್ನು ಪ್ರೀತಿಸುವ ಕಾದಂಬರಿ. ರಕ್ತ ಕುಡಿಯುವವರು, ತೋಳವಾಗುವವರು, ಮಾಟಗಾತಿಯರು, ಡ್ರ್ಯಾಗನ್ ಏರುವವರು. ಹೋದ ಭಾನುವಾರ ಮನೆಗೆ ಬಂದವಳು ದಪ್ಪನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, “ಅತ್ತೆ, ಇದೂ ಮುಗೀತು. ಇನ್ನೇನು ಓದ್ಲಿ ಹೇಳಿ” ಎಂದಳು. ಈ ವಾರದ ಅಂಕಣ ಅವಳಿಗೆ ಕೊಟ್ಟ ಉತ್ತರ.

ಮೊದಲು ಒಂದು ಮಾತು. ಇವೆಲ್ಲ ಎಲ್ಲಿಂದಲೋ ಬೀಸಿದ ಗಾಳಿ, ನಮ್ಮ ಮಕ್ಕಳಿಗೆ ಹಿಡಿದ ಗುಂಗು ಎಂದು ಮನೆಯ ಹಿರಿಯರು ಕೊರಗುವುದನ್ನು ಕೇಳಿದ್ದೇನೆ. ಅವರಿಗೆ ಒಂದು ಪದವನ್ನು ನೆನಪಿಸುತ್ತೇನೆ. ನಮ್ಮ ಅಕ್ಕಪಕ್ಕದ ತಮಿಳರು ‘ನಾವಲ್’ ಎನ್ನುವುದನ್ನು ನಾವು ‘ಕಾದಂಬರಿ’ ಎನ್ನುತ್ತೇವೆ. ಅದು ಒಬ್ಬಳು ಹುಡುಗಿಯ ಹೆಸರು. ಅಪ್ಪ ಗಂಧರ್ವ, ತಾಯಿ ಅಪ್ಸರೆಯರ ಕುಲದವಳು. ಏಳನೆಯ ಶತಮಾನದಲ್ಲಿ ಬಾಣಭಟ್ಟ ಅವಳ ಪ್ರೇಮದ ಕತೆಯನ್ನು ಸಂಸ್ಕೃತ ಗದ್ಯದಲ್ಲಿ ತೊಡಗಿದ, ಮುಗಿಸುವ ಮೊದಲೇ ತೀರಿಕೊಂಡ, ಮಗ ಮುಗಿಸಿದ. ಕನ್ನಡದಲ್ಲಿ ನಾಗವರ್ಮ ಅದನ್ನು ಚಂಪುವಾಗಿಸಿ ‘ಕರ್ಣಾಟಕ ಕಾದಂಬರಿ’ ಎಂದು ಕೊಟ್ಟ. ನೂರಾರು ವರ್ಷ ಕಳೆದ ಮೇಲೆ ಹೊಸ ಸಾಹಿತ್ಯ ಪ್ರಕಾರವೊಂದು ಬಂದಾಗ, ಅದಕ್ಕೆ ಕನ್ನಡಿಗರೂ ಮರಾಠಿಗರೂ ಇಟ್ಟ ಹೆಸರು ಆ ಗಂಧರ್ವ ಹುಡುಗಿಯದು. ಸಾಮಾಜಿಕ ಕಾದಂಬರಿಯೂ ಪತ್ತೇದಾರಿ ಕಾದಂಬರಿಯೂ ಅವಳ ಹೆಸರನ್ನೇ ಹೊತ್ತು ತಿರುಗುತ್ತಿವೆ. ಹಾಗಿರುವಾಗ ಅಲೌಕಿಕ ಪ್ರೇಮಕತೆಯನ್ನು ಪರದೇಶಿ ಎನ್ನುವುದು ಹೇಗೆ?

ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವೂ ಒಳ್ಳೆಯದಾಗುವುದಿಲ್ಲ, ಹೊಸದು ಎಂಬ ಕಾರಣಕ್ಕೂ ಅಷ್ಟೇ. ಈ ಬಗೆಯ ಕತೆಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಅಳೆಯಲು ನನ್ನ ಬಳಿ ಇರುವುದು ಒಂದೇ ಅಳತೆ. ಅದನ್ನು ನಾನು ಕಲಿತದ್ದು ಸಿರುಮುಗೈಯಲ್ಲಿ, ಮಗ್ಗದ ಗುಂಡಿಯ ಪಕ್ಕದಲ್ಲಿ ಕೂತು ಅಜ್ಜಿ ಹೇಳುತ್ತಿದ್ದ ಹೂಗಿಡದ ಕತೆಯಿಂದ.

ಬಡವರ ಹುಡುಗಿಯೊಬ್ಬಳಿಗೆ ಗಿಡವಾಗುವ ಶಕ್ತಿ ಇತ್ತು. ಒಂದು ಕೊಡ ನೀರನ್ನು ಉಗುರು ಸೋಕದಂತೆ ಮೈಮೇಲೆ ಸುರಿದರೆ ಮೈತುಂಬ ಹೂ ಬಿಟ್ಟ ಗಿಡವಾಗುತ್ತಿದ್ದಳು. ಚಿಗುರು ಮುರಿಯದೆ, ಎಲೆ ಹರಿಯದೆ, ಹೂವನ್ನಷ್ಟೇ ಬಿಡಿಸಿಕೊಳ್ಳಬೇಕು. ಆಮೇಲೆ ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಅರಸುಕುಮಾರ ಅವಳ ಗುಟ್ಟು ತಿಳಿದು ಮೆಚ್ಚಿ ಮದುವೆಯಾದ. ಒಂದು ದಿನ ನಾದಿನಿ ಹಟ ಹಿಡಿದು ಅವಳನ್ನು ಗಿಡವಾಗಿಸಿದಳು. ಬಂದ ಹುಡುಗಿಯರು ಕೊಂಬೆ ಮುರಿದರು, ಎರಡನೆಯ ಕೊಡವನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿದರು. ಅವಳು ಇತ್ತ ಹೆಣ್ಣೂ ಅಲ್ಲದೆ ಅತ್ತ ಗಿಡವೂ ಅಲ್ಲದೆ, ಕೈಕಾಲಿಲ್ಲದ ಮುಂಡವಾಗಿ ಉಳಿದಳು. ಗಂಡ ಊರೂರು ಅಲೆದು ಕೊನೆಗೆ ಅವಳನ್ನು ಕಂಡು, ಅವಳು ಹೇಳಿಕೊಟ್ಟಂತೆ ಮತ್ತೆ ಗಿಡವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿ, ತನ್ನ ಕೈಯಾರೆ ನೀರೆರೆದ.

ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ ಮೇಲೆ ಈ ಕತೆ ದೂರ ಹೋಯಿತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಮಾಡಿದ ಆಪೆರಾ 2006ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೇರಿತು. ರಾಮಾನುಜನ್ ಮೈಸೂರಿನಲ್ಲಿ ಬೆಳೆದವರು, ಅವರಿಗೆ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ. ಸಿರುಮುಗೈ, ನೆಗಮಂಗಳಲ್ಲಿ ಮಗ್ಗ ಹೂಡಿರುವ ದೇವಾಂಗರಿಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ರಾಮಾನುಜನ್ ಅವರನ್ನು ಓದುವಾಗಲೆಲ್ಲ ಹೊಸಿಲಿನ ಆಚೆ ಬದಿಯಲ್ಲಿ ನಿಂತ ನೆಂಟರೊಬ್ಬರ ದನಿ ಕೇಳಿದಂತಾಗುತ್ತದೆ.

ಅಜ್ಜಿ ಈ ಕತೆ ಹೇಳುವಾಗ ನಾವು ಮಕ್ಕಳು ಹೂವಿನ ಬಣ್ಣ ಕೇಳುತ್ತಿದ್ದೆವು. ಅಜ್ಜಿ ಬಣ್ಣ ಹೇಳಿದ್ದು ನೆನಪಿಲ್ಲ, ಕೊಡದ ಲೆಕ್ಕವನ್ನು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಒಂದು ಕೊಡ ಹೋಗಲು, ಒಂದು ಕೊಡ ಬರಲು, ಉಗುರು ಸೋಕಬಾರದು. ಆ ಕಟ್ಟಳೆ ಇಲ್ಲದಿದ್ದರೆ ಹುಡುಗಿ ಗಿಡವಾಗುವುದು ಜಾತ್ರೆಯ ಜಾದೂ ಆಗುತ್ತಿತ್ತು. ಕಟ್ಟಳೆ ಇರುವುದರಿಂದ ಪ್ರೀತಿಗೆ ಮಾಡಲು ಒಂದು ಕೆಲಸ ಸಿಕ್ಕಿತು: ಕೊಂಬೆ ಕಟ್ಟುವ ಕೆಲಸ. ನೇಯುವವರ ಮಾತಿನಲ್ಲಿ ಹೇಳುವುದಾದರೆ ಕಟ್ಟಳೆ ಹಾಸು, ಪ್ರೀತಿ ಹೊಕ್ಕು. ಹಾಸು ಬಿಗಿಯಾಗಿಲ್ಲದ ಮಗ್ಗದಲ್ಲಿ ಲಾಳಿ ಎಷ್ಟು ಓಡಿದರೂ ಸೀರೆ ಬರುವುದಿಲ್ಲ.

ಅಣ್ಣನ ಮಗಳ ಪುಸ್ತಕಗಳನ್ನು ಇದೇ ಅಳತೆಯಿಂದ ನೋಡಿದೆ. ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಬಂತು, ಅವಳು ಓದತೊಡಗಿದ್ದೂ ಅದರಿಂದಲೇ. ರಕ್ತ ಕುಡಿಯುವ ನಾಯಕ ಎಡ್ವರ್ಡ್‌ಗೆ ಎಲ್ಲರ ಮನಸ್ಸೂ ಕೇಳಿಸುತ್ತದೆ, ನಾಯಕಿ ಬೆಲ್ಲಾಳದ್ದು ಮಾತ್ರ ಕೇಳಿಸುವುದಿಲ್ಲ. ಅವಳ ರಕ್ತದ ವಾಸನೆಗೆ ಅವನು ಸೋಲುತ್ತಾನೆ, ಅದನ್ನೇ ತಡೆದುಕೊಳ್ಳಬೇಕು. ಈ ಎರಡು ಗಂಟುಗಳ ಮೇಲೆ ಮೊದಲ ಪುಸ್ತಕ ಭದ್ರವಾಗಿ ನಿಂತಿದೆ. 2008ರ ನಾಲ್ಕನೆಯ ಪುಸ್ತಕದ ಹೊತ್ತಿಗೆ ಬೆಲ್ಲಾ ಕೂಡ ಅವನಂತಾಗುತ್ತಾಳೆ, ಅವನು ದಶಕಗಟ್ಟಲೆ ಹೆಣಗಿ ಗಳಿಸಿದ ಸಂಯಮ ಅವಳಿಗೆ ಸಲೀಸಾಗಿ ಬಂದುಬಿಡುತ್ತದೆ. ಅಲ್ಲಿ ಹಾಸು ಸಡಿಲವಾಯಿತು ಎನ್ನುವುದು ನನ್ನ ತೀರ್ಮಾನ. ಸಾರಾ ಜೆ. ಮಾಸ್ ಅವರ 2015ರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ವಯಸ್ಕರ ಪುಸ್ತಕ, ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಆದರೆ ಅದರ ಕಟ್ಟಳೆ ಬಿಗಿಯಾಗಿದೆ. ಶಾಪ ಕಳೆಯಬೇಕಾದರೆ ಹುಡುಗಿ ಒಂದು ಮಾತು ಹೇಳಬೇಕು. ಹೇಳಬೇಕು ಎಂದು ಅವಳಿಗೆ ಯಾರೂ ತಿಳಿಸುವಂತಿಲ್ಲ. ತಡವಾದ ಆ ಒಂದು ಮಾತಿಗೆ ಅವಳು ತೆರುವ ಬೆಲೆಯೇ ಪುಸ್ತಕದ ಕೊನೆಯ ಭಾಗ. ರೆಬೆಕಾ ಯಾರೋಸ್ ಅವರ 2023ರ ‘ಫೋರ್ತ್ ವಿಂಗ್’ ಅವಸರದ ಬರಹ. ಅಲ್ಲಿಯೂ ಜೋಡಿ ಡ್ರ್ಯಾಗನ್‌ಗಳ ನಂಟು ಸವಾರರಿಬ್ಬರ ಜೀವಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಕತೆ ಕೈಬಿಡದೆ ಓದಿಸಿಕೊಳ್ಳುತ್ತದೆ.

ಇನ್ನು ನಮ್ಮ ಕಡೆಯವು. ‘ಟ್ವೈಲೈಟ್’ ಮೆಚ್ಚಿದವರು ತಡಮಾಡದೆ ಕಾರ್ನಾಡರ ‘ನಾಗಮಂಡಲ’ ಓದಬೇಕು. 1988ರ ಈ ನಾಟಕಕ್ಕೆ ಬೀಜ ಸಿಕ್ಕಿದ್ದು ರಾಮಾನುಜನ್ ಹೇಳಿದ ಜನಪದ ಕತೆಗಳಿಂದ. ಹಗಲು ಮನೆಗೆ ಬಂದು ಉಂಡು ಬೀಗ ಹಾಕಿ ಹೋಗುವ ಗಂಡ. ರಾತ್ರಿ ಅದೇ ರೂಪದಲ್ಲಿ ಬಂದು ಒಲಿಸಿಕೊಳ್ಳುವ ನಾಗ. ಹೆಂಡತಿ ರಾಣಿ ಪ್ರಶ್ನೆ ಕೇಳಬಾರದು, ಅದೊಂದೇ ಕಟ್ಟಳೆ. ಕೇಳದೆ ಇರುವುದು ಸುಖವೋ ಸೋಲೋ ಎಂಬುದನ್ನು ಕಾರ್ನಾಡರು ಕೊನೆಯ ದೃಶ್ಯದವರೆಗೂ ಬಿಗಿ ಹಿಡಿದಿದ್ದಾರೆ. ಗಂಡ ಅಪ್ಪಣ್ಣನ ಮುಖ ಹೊತ್ತ ನಾಗನ ಮುಂದೆ ರಾಣಿ ಮೆಲ್ಲಮೆಲ್ಲಗೆ ಮಗುತನ ಕಳೆದು ಹೆಂಗಸಾಗುವ ಭಾಗವನ್ನು ನಾನು ಎಷ್ಟು ಸಲ ಓದಿದರೂ ದಣಿದಿಲ್ಲ.

ಭಯವೂ ಬೇಕು, ಪ್ರೀತಿಯೂ ಬೇಕು ಎನ್ನುವವರು ವಾಳಯಾರು ದಾಟಿ ಮಲಯಾಳಕ್ಕೆ ಹೋಗಲಿ. ಮಲಯಾಟ್ಟೂರ್ ರಾಮಕೃಷ್ಣನ್ ಅವರ ‘ಯಕ್ಷಿ’ 1967ರದು. ಪ್ರಯೋಗಾಲಯದ ಅಪಘಾತದಲ್ಲಿ ಮುಖ ಸುಟ್ಟುಕೊಂಡ ರಸಾಯನಶಾಸ್ತ್ರದ ಅಧ್ಯಾಪಕನನ್ನು ಚೆಲುವೆಯೊಬ್ಬಳು ಮೆಚ್ಚುತ್ತಾಳೆ. ಇಂಥವಳು ನನ್ನನ್ನು ಮೆಚ್ಚಬೇಕಾದರೆ ಇವಳು ಯಕ್ಷಿಯೇ ಇರಬೇಕು ಎಂಬ ಹುಳು ಅವನ ತಲೆ ಹೊಗುತ್ತದೆ. ಇಲ್ಲಿ ಕಟ್ಟಳೆಯನ್ನು ಒಡ್ಡುವುದು ದೆವ್ವವಲ್ಲ, ಮನುಷ್ಯನ ಕೀಳರಿಮೆ. ತಮಿಳು ಓದುವವರಿಗೆ 2024ರಲ್ಲಿ ತೀರಿಕೊಂಡ ಇಂದಿರಾ ಸೌಂದರರಾಜನ್ ಇದ್ದಾರೆ. ‘ಮರ್ಮದೇಶಂ’ ಧಾರಾವಾಹಿಯಿಂದ ಒಂದಿಡೀ ತಲೆಮಾರನ್ನು ನಡುಗಿಸಿದವರು, ಪುನರ್ಜನ್ಮದ ಕತೆಗಳಲ್ಲಿ ಪಳಗಿದ ಕೈ.

ಆದರೆ ಈ ವಾರ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಅಚ್ಚಿಗಿಂತ ಮೊದಲು ಕಂಠದಲ್ಲಿ ಬದುಕಿದ ಮಲೆ ಮಾದೇಶ್ವರನ ಕಾವ್ಯವನ್ನು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಎಂದರೆ ಮಲೆ ಮಾದೇಶ್ವರನ ಬೆಟ್ಟ ಅಂದು ನಮ್ಮದೇ ಜಿಲ್ಲೆಯ ಬೆಟ್ಟ. ಮದುವೆಯಾಗಿ ಕೊಳ್ಳೇಗಾಲಕ್ಕೆ ಹೋದ ನಾನು ಕನ್ನಡ ಅಕ್ಷರ ಕಲಿತದ್ದು ಅಲ್ಲಿಯೇ. ಕಂಸಾಳೆಯವರ ಬಾಯಲ್ಲಿ ಮಾದಪ್ಪನ ಕಾವ್ಯ ಕೇಳಿದ್ದೂ ಅಲ್ಲಿಯೇ. ಅದರ ‘ಸಂಕಮ್ಮನ ಸಾಲು’ ಎಂಬ ಭಾಗ ನನ್ನ ಅಳತೆಗೋಲನ್ನು ಇನ್ನೂ ಒಂದು ಗೇಣು ಉದ್ದ ಮಾಡಿತು.

ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ತಪ್ಪು ಮಾಡದ ನಾನೇಕೆ ಭಾಷೆ ಕೊಡಲಿ ಎಂದು ಅವಳು ಒಪ್ಪುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಮಾಟದ ಕಟ್ಟು ಹಾಕಿ ಹೋಗುತ್ತಾನೆ. ಅವಳು ಆಗಲೂ ಭಾಷೆ ಕೊಡುವುದಿಲ್ಲ. ಮಾದಪ್ಪ ಬಂದು ಕಟ್ಟು ಬಿಡಿಸಿ ಮಕ್ಕಳ ವರ ಕೊಡುತ್ತಾನೆ. ಇಲ್ಲಿ ಮಾಟ ಗಂಡನ ಕೈಯಲ್ಲಿದೆ, ಕಟ್ಟಳೆಯೂ ಅವನದೇ. ಆದರೂ ಕತೆ ನಿಂತಿರುವುದು ಅವಳು ಹೇಳಿದ ‘ಇಲ್ಲ’ದ ಮೇಲೆ. ಇಂದಿನ ಪುಸ್ತಕಗಳಲ್ಲಿ ಹೆಣ್ಣನ್ನು ಹಿಡಿದಿಟ್ಟುಕೊಳ್ಳುವ, ಅವಳ ಹೆಜ್ಜೆಹೆಜ್ಜೆಗೂ ಕಾವಲು ನಿಲ್ಲುವ ನಾಯಕನನ್ನು ಪ್ರೀತಿಯ ಪರಾಕಾಷ್ಠೆ ಎಂಬಂತೆ ಬರೆಯುವವರು ಬಹಳ ಮಂದಿ. ಅಂಥ ಪುಸ್ತಕ ಕೈಗೆ ಬಂದಾಗ ಸಂಕಮ್ಮನನ್ನು ನೆನೆಯಿರಿ. ಕಟ್ಟಳೆ ಏನು ಎಂದು ಕೇಳಿದರೆ ಸಾಲದು. ಅದನ್ನು ಹಾಕಿದವರು ಯಾರು, ಬೇಡ ಎನ್ನುವ ಹಕ್ಕು ಅವಳಿಗೆ ಇದೆಯೇ ಎಂದೂ ಕೇಳಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ಇಡೀ ಕಾವ್ಯವನ್ನು ಪ್ರಕಟಿಸಿದೆ. ಇಂಗ್ಲಿಷ್ ಅನುವಾದವೂ ಇದೆ.

ಅಲ್ಲೇ ಪಕ್ಕದ ಬಿಳಿಗಿರಿಯಲ್ಲಿ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಮದುವೆಯಾದ ಕತೆಯಿದೆ. ದೇವರು ಮನುಷ್ಯಳನ್ನು ವರಿಸಿದ ಮೇಲೆ ದೇವರಿಗೂ ನೆಂಟಸ್ತಿಕೆಯ ಕಟ್ಟಳೆ ತಪ್ಪಲಿಲ್ಲ. ಸೋಲಿಗರಿಗೆ ಅವನು ಇಂದಿಗೂ ಭಾವ.

ಕೊನೆಯದಾಗಿ ‘ಕರ್ಣಾಟಕ ಕಾದಂಬರಿ’ಯನ್ನೇ ಓದಬಯಸುವವರಿಗೆ. ಹಳಗನ್ನಡಕ್ಕೆ ಹೆದರಬೇಡಿ, ಮೊದಲು ಕತೆಯ ಸಾರ ತಿಳಿದುಕೊಳ್ಳಿ. ಆಮೇಲೆ ಅಚ್ಛೋದ ಸರೋವರದ ತೀರದಲ್ಲಿ ಬಿಳಿಯುಟ್ಟು ವೀಣೆ ನುಡಿಸುವ ಮಹಾಶ್ವೇತೆಯ ಭಾಗದಿಂದ ತೊಡಗಿ. ಅವಳ ಪ್ರಿಯ ಪುಂಡರೀಕ ವಿರಹದಲ್ಲಿ ಸಾಯುವಾಗ ತನ್ನನ್ನು ಸುಟ್ಟ ಚಂದ್ರನಿಗೇ ಶಾಪ ಕೊಡುತ್ತಾನೆ, ಚಂದ್ರ ತಿರುಗಿ ಶಪಿಸುತ್ತಾನೆ. ಇಬ್ಬರೂ ಮತ್ತೆ ಮತ್ತೆ ಹುಟ್ಟಿ ನೋಯಬೇಕು. ಚಂದ್ರನೇ ಚಂದ್ರಾಪೀಡನಾಗಿ ಹುಟ್ಟಿ ಕಾದಂಬರಿಗೆ ಸೋಲುತ್ತಾನೆ, ಪುಂಡರೀಕ ಒಂದು ಜನ್ಮದಲ್ಲಿ ಗಿಳಿಯಾಗುತ್ತಾನೆ. ಹೆಣ್ಣುಗಳಿಬ್ಬರಿಗೂ ವಿಧಿಸಿದ್ದು ಒಂದೇ: ಕಾಯುವುದು. ಸತ್ತ ಚಂದ್ರಾಪೀಡನ ದೇಹವನ್ನು ಸುಡದೆ ಇಟ್ಟುಕೊಂಡು ಕಾದಂಬರಿ ಕಾಯುವ ಪುಟಗಳಿಗೆ ಸಮನಾದದ್ದನ್ನು ನಾನು ಹೊಸ ಪುಸ್ತಕಗಳಲ್ಲಿ ಇನ್ನೂ ಕಂಡಿಲ್ಲ.

ಇಷ್ಟೆಲ್ಲ ಕೇಳಿ ಅಣ್ಣನ ಮಗಳು ಸುಮ್ಮನಾದಳು. ಅವಳ ಮಾತು ಕನ್ನಡ, ಓದು ತಮಿಳು ಮತ್ತು ಇಂಗ್ಲಿಷ್. ನಮ್ಮ ಬಹಳಷ್ಟು ಮನೆಗಳ ಕತೆ ಇದೇ. ನಾನು ಹೇಳಿದ ಕನ್ನಡ ಪುಸ್ತಕಗಳ ಮುಂದೆ ಅವಳಿಗೊಂದು ಬೀಗ ಇದೆ ಎಂಬ ಸಂಕಟ ನನಗಿತ್ತು. ಹೂಗಿಡದ ಕತೆಯನ್ನು ಅವತ್ತು ಅಜ್ಜಿಯ ಮಾತಿನಲ್ಲೇ ಹೇಳಿ ಕಳಿಸಿದೆ.

ಬುಧವಾರ ರಾತ್ರಿ ಫೋನ್ ಮಾಡಿದಳು. ರೈಲಿನಲ್ಲಿ ಕೂತು ಆ ಕತೆಯನ್ನು ಅಜ್ಜಿಯ ಕನ್ನಡದಲ್ಲೇ, ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದಳಂತೆ. ಕೊಡದ ಲೆಕ್ಕ, ಉಗುರಿನ ಮಾತು ಎಲ್ಲ ಸರಿಯಾಗಿ ಬಂತು. ಆದರೆ ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪಕ್ಕದಲ್ಲಿದ್ದ ಗೆಳತಿ ಇಣುಕಿ ‘ಗಿಡ’ವನ್ನು ‘ಕಿಡ’ ಎಂದು ಓದಿದಳಂತೆ.

“ಅತ್ತೆ, ಹುಡುಗಿ ಗಿಡ ಆಗ್ತಾನೇ ಇಲ್ಲ. ಆ ಗ ಹೇಗೆ ಬರೆಯೋದು, ಹೇಳ್ಕೊಡಿ.”

ಈ ಭಾನುವಾರ ಬರುತ್ತಾಳೆ. ಗ ಇಂದಲೇ ಶುರುಮಾಡುತ್ತೇವೆ.