ಇರುಳಿಡೀ ಕೇಳುವ ಕಿವಿಗೆ ಮಡಚುವ ಫೋನ್

ಸಂಗೀತಕ್ಕೆಂದೇ ರೂಪುಗೊಂಡ ಮಡಚುವ ಫೋನ್‌ಗಳಲ್ಲಿ ಸೋನಿ ಎರಿಕ್ಸನ್ ಸಂಸ್ಥೆ 2008ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಡಬ್ಲ್ಯೂ 980 ಎಂಬ ಮಾದರಿ ವಿಶೇಷ ಪರಿಶೀಲನೆಗೆ ಅರ್ಹವಾದುದು. 1979ರಲ್ಲಿ ಕ್ಯಾಸೆಟ್ ಕೇಳುವ ಪುಟ್ಟ ಯಂತ್ರವಾಗಿ ಹುಟ್ಟಿದ ವಾಕ್‌ಮನ್ ಎಂಬ ಹೆಸರು 2005ರಲ್ಲಿ ಮೊಬೈಲಿಗೆ ಬಂದು, ಮರುವರ್ಷವೇ ಡಬ್ಲ್ಯೂ 300ಐ ಎಂಬ ಮಡಚುವ ಫೋನಿನ ಮೇಲೂ ಕಾಣಿಸಿಕೊಂಡಿತು. ಆ ದಾರಿಯಲ್ಲಿ 980 ಹಲವು ದೃಷ್ಟಿಯಿಂದ ದೊಡ್ಡ ಜಿಗಿತ. ಆದರೆ ಇಂಥ ಸಾಧನಗಳನ್ನು ಸಾಮಾನ್ಯವಾಗಿ ನಾಲ್ಕೈದು ನಿಮಿಷದ ಹಾಡಿನ ಅಳತೆಗೋಲಿನಿಂದಲೇ ಅಳೆಯಲಾಗಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ ಕರ್ನಾಟಕದ ಗಡಿಗೆ ತಾಗಿಕೊಂಡಿರುವ ವರ್ಕಾಡಿಯಂಥ ಊರಿನ ಕೇಳುಗನ ಅಳತೆಗೋಲು ಬೇರೆಯದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೆ ದೂರವಲ್ಲದ ಈ ಸೀಮೆಯಲ್ಲಿ ಸಂಗೀತವೆಂದರೆ ಸಿನಿಮಾ ಹಾಡಿನಷ್ಟೇ ಸಹಜವಾಗಿ ತೆಂಕುತಿಟ್ಟು ಯಕ್ಷಗಾನದ ಭಾಗವತಿಕೆ, ಅಂದರೆ ಭಾಗವತರ ಹಾಡುಗಾರಿಕೆ. ವೇಷ ಮತ್ತು ಕುಣಿತವಿಲ್ಲದೆ, ಕುಳಿತು ಪದ್ಯ ಮತ್ತು ಮಾತಿನಲ್ಲೇ ಪ್ರಸಂಗವನ್ನು ಕಟ್ಟುವ ತಾಳಮದ್ದಳೆ. ಚೆಂಡೆ, ಮದ್ದಳೆ, ಚಕ್ರತಾಳ. ಹಾಡು ನಿಮಿಷಗಳಲ್ಲಿ ಮುಗಿಯುತ್ತದೆ, ಪ್ರಸಂಗ ಬೆಳಗಿನವರೆಗೆ ನಡೆಯುತ್ತದೆ. ಕಾಲಮಿತಿಯ ಪ್ರದರ್ಶನಗಳು ಹೆಚ್ಚಿದ ಮೇಲೂ ಆ ಹಿಗ್ಗಿದ ಕಾಲದ ರುಚಿ ಕಿವಿಯಿಂದ ಹೋಗಿಲ್ಲ.

ಈ ಅಳತೆಯಲ್ಲಿ ಮೊದಲು ಬರುವುದು ಜಾಗದ ಲೆಕ್ಕ. ಧ್ವನಿಯಲ್ಲಿ ಕಿವಿಗೆ ಸುಲಭವಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟು ಉಳಿದುದನ್ನು ಕಿರಿದಾಗಿ ಬರೆದಿಡುವ ಕ್ರಮವೇ ಎಂಪಿ3. ಸೆಕೆಂಡಿಗೆ 128 ಕಿಲೋಬಿಟ್ ಎಂಬ ರೂಢಿಯ ದರದಲ್ಲಿ ಒಂದು ನಿಮಿಷದ ಧ್ವನಿಗೆ ಸುಮಾರು ಒಂದು ಮೆಗಾಬೈಟ್ ಬೇಕು. ಡಬ್ಲ್ಯೂ 300ಐ ಜೊತೆಗೆ ಬರುತ್ತಿದ್ದ 256 ಮೆಗಾಬೈಟಿನ ಕಾರ್ಡಿನಲ್ಲಿ ಈ ದರದಲ್ಲಿ ನಾಲ್ಕೂವರೆ ಗಂಟೆಯಷ್ಟೂ ಹಿಡಿಯುತ್ತಿರಲಿಲ್ಲ, ಅಂದರೆ ಪ್ರಸಂಗ ನಡುರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತಿತ್ತು. ದರವನ್ನು 64ಕ್ಕೆ ಇಳಿಸಿದರೆ ಇಡೀ ರಾತ್ರಿ ಹಿಡಿಯುತ್ತದೆ, ಆದರೆ ಅದರ ಬೆಲೆಯನ್ನು ತೆರುವುದು ಚೆಂಡೆ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಲೆಕ್ಕ ಹಾಕುವುದರಿಂದ, ಕೋಲು ಚರ್ಮಕ್ಕೆ ತಗಲಿದ ಕ್ಷಣದ ಚುರುಕು ಪೆಟ್ಟು ಕಡಿಮೆ ದರದಲ್ಲಿ ಆ ತುಣುಕಿನುದ್ದಕ್ಕೂ ಹರಡಿಕೊಳ್ಳುತ್ತದೆ. ಪೆಟ್ಟಿಗೆ ಮುಂಚೆಯೇ ಅದರ ಮಸುಕು ನೆರಳು ಕೇಳಿಸುತ್ತದೆ. ಎಂಟು ಗಿಗಾಬೈಟ್ ಒಳಸ್ಮೃತಿಯಿರುವ 980ರಲ್ಲಿ ಈ ರಾಜಿ ಬೇಕಾಗಿಲ್ಲ: 128ರ ದರದಲ್ಲೇ ಸುಮಾರು 139 ಗಂಟೆ, ಎಂದರೆ ಎಂಟು ಗಂಟೆಯ ಹದಿನೇಳು ಇರುಳುಗಳು. ಆ ಕಾಲಕ್ಕೆ ಇದು ನಿಜವಾದ ಔದಾರ್ಯ.

ಆದರೆ ಆ ಔದಾರ್ಯಕ್ಕೆ ಬಾಗಿಲಿಲ್ಲ. 980ರಲ್ಲಿ ಮೆಮರಿ ಕಾರ್ಡ್ ಹಾಕುವ ಸೀಳು ಇಲ್ಲವೇ ಇಲ್ಲ. ಗೆಳೆಯನ ಕಾರ್ಡಿನಲ್ಲಿರುವ ತಾಳಮದ್ದಳೆಯನ್ನು ತನ್ನ ಫೋನಿಗೆ ಹಾಕಿ ಕೇಳುವುದು, ಪೇಟೆಯ ರೀಚಾರ್ಜ್ ಅಂಗಡಿಯಲ್ಲಿ ಕಾರ್ಡ್ ಕೊಟ್ಟು ತುಂಬಿಸಿಕೊಂಡು ಬರುವುದು, ಇವೇ ನಮ್ಮ ಊರುಗಳಲ್ಲಿ ಧ್ವನಿಮುದ್ರಣಗಳು ಹರಡಿದ ದಾರಿ. 300ಐಯಲ್ಲಿ ಸೀಳು ಇತ್ತು, ಆದರೆ ಅದು ಸೋನಿಯದೇ ಆದ ಎಂ2 ಕಾರ್ಡಿಗೆ ಮಾತ್ರ. ಎಂ2 ಮತ್ತು ಎಲ್ಲೆಡೆ ಬಳಕೆಯಲ್ಲಿದ್ದ ಮೈಕ್ರೋಎಸ್‌ಡಿ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದರೆ ಉದ್ದ ಒಂದೇ, 15 ಮಿಲಿಮೀಟರ್. ಅಗಲ ಮಾತ್ರ ಒಂದಕ್ಕೆ 12.5, ಇನ್ನೊಂದಕ್ಕೆ 11. ಈ ಒಂದೂವರೆ ಮಿಲಿಮೀಟರ್ ಅಗಲವೇ ಒಬ್ಬ ಕೇಳುಗನನ್ನು ಊರಿನ ಕೊಡುಕೊಳೆಯಿಂದ ಹೊರಗಿಡಲು ಸಾಕಾಗಿತ್ತು. ಮಾರುಕಟ್ಟೆಯ ಲಾಭಕ್ಕಾಗಿ ಕೇಳುಗರ ನಡುವೆ ಎಬ್ಬಿಸಿದ ಇಂಥ ಗೋಡೆಯನ್ನು ಯಾವ ವಿಮರ್ಶೆಯೂ ಸಣ್ಣ ದೋಷವೆಂದು ಕಡೆಗಣಿಸಬಾರದು. 2022ರಲ್ಲಿ ಬಂದ ನೋಕಿಯಾ 2660 ಫ್ಲಿಪ್ ಎಂಬ ಅಗ್ಗದ ಮಡಚುವ ಫೋನು 32 ಗಿಗಾಬೈಟ್‌ವರೆಗಿನ ಮೈಕ್ರೋಎಸ್‌ಡಿ ಕಾರ್ಡನ್ನೂ ಮಾಮೂಲಿ ಇಯರ್‌ಫೋನ್ ತೂತನ್ನೂ ಕೊಟ್ಟಿರುವುದನ್ನು ನೋಡಿದರೆ, ಅದು ಅಸಾಧ್ಯವಾದ ಕೆಲಸವೇನೂ ಆಗಿರಲಿಲ್ಲ.

ಮಡಿಕೆಯ ಗುಣವನ್ನು ಮಾತ್ರ ಮನಸಾರೆ ಒಪ್ಪಬೇಕು. 980 ಮುಚ್ಚಿದಾಗಲೂ ಹೊರಮೈಯಲ್ಲಿ ಒಂದು ಕಿರುಪರದೆಯೂ ಅದರ ಕೆಳಗೆ ಹಾಡು ನಡೆಸುವ ಸ್ಪರ್ಶಕೀಲಿಗಳೂ ಇರುತ್ತವೆ. ಬೆರಳಿಟ್ಟಾಗ ಫೋನು ಸಣ್ಣಗೆ ಕಂಪಿಸಿ, ಒತ್ತು ತಲುಪಿತೆಂದು ತಿಳಿಸುತ್ತದೆ. ಅಂಕಿಗಳ ಫಲಕ ಒಳಗೆ ಭದ್ರವಾಗಿರುವುದರಿಂದ ಜೇಬಿನಲ್ಲಿ ತಾನಾಗಿ ಯಾರಿಗೋ ಕರೆ ಹೋಗುವ ಭಯವಿಲ್ಲ. ಅಡಿಕೆ ಸುಲಿಯುತ್ತ ಗಂಟೆಗಟ್ಟಲೆ ಕೂರುವವರಿಗೆ ಬೇಕಾದುದು ಇಂಥ ಸಾಧನವೇ: ಬಿಡಿಸುವ ಕೆಲಸವಿಲ್ಲದೆ, ಮಗ್ಗುಲಲ್ಲಿ ಇಟ್ಟದ್ದು ಇಟ್ಟಲ್ಲೇ ನಡೆಯಬೇಕು. ಆದರೆ ಒದ್ದೆ ಬೆರಳಿಗೂ ಅಡಿಕೆಯ ಚೊಗರು ಮೆತ್ತಿದ ಬೆರಳಿಗೂ ಸ್ಪರ್ಶಕೀಲಿಗಿಂತ ಒತ್ತಿದರೆ ಕೆಳಗಿಳಿಯುವ ಗುಂಡಿಯೇ ಹೆಚ್ಚು ನಂಬಿಕೆಯದು. ಹೊಳಪಿನ ಮೋಹದಲ್ಲಿ ಆ ಗುಂಡಿಯನ್ನು ಕೈಬಿಟ್ಟದ್ದು ಸರಿಯಾಗಲಿಲ್ಲ.

ಒಳಪರದೆಯ ಅಗಲ 240 ಚುಕ್ಕೆಗಳು. ಎಂಟು ಗಂಟೆಯ ಒಂದೇ ಕಡತದಲ್ಲಿ ಮುಂದಕ್ಕೆ ಹೋಗಬೇಕೆಂದರೆ, ಕಾಲ ತೋರಿಸುವ ಗೆರೆ ಪರದೆಯ ತುಂಬ ಹಬ್ಬಿದರೂ ಒಂದು ಚುಕ್ಕೆಗೆ ಎರಡು ನಿಮಿಷ ಬೀಳುತ್ತದೆ. ಕೇಳಬೇಕಾದ ಭಾಮಿನಿ ಷಟ್ಪದಿಯ ಪದ್ಯ ಅಷ್ಟರಲ್ಲೇ ಮುಗಿದುಹೋಗಿರಬಹುದು. 980ರ ಸೆನ್ಸ್‌ಮಿ ಎಂಬ ಸೌಕರ್ಯವೂ, ಇಡೀ ಪ್ರಸಂಗ ಒಂದೇ ಕಡತವಾಗಿರುವ ಕಾರಣಕ್ಕೆ, ಇಲ್ಲಿ ಸೋಲುತ್ತದೆ. ಅದು ಪ್ರತಿ ಹಾಡನ್ನೂ ಅದರ ವೇಗ ಮತ್ತು ಭಾವದ ಆಧಾರದಲ್ಲಿ ಒಂದು ನಕ್ಷೆಯ ಮೇಲೆ ಒಂದೊಂದು ಬಿಂದುವಾಗಿ ಕೂರಿಸುತ್ತದೆ: ಒಂದು ಬದಿಗೆ ಸಂತೋಷ, ಎದುರಿಗೆ ವಿಷಾದ, ಒಂದು ಬದಿಗೆ ನಿಧಾನ, ಎದುರಿಗೆ ವೇಗ. ಕಡತವೊಂದಕ್ಕೆ ಭಾವವೂ ಒಂದೇ ಎಂಬುದು ಅದರ ನಂಬಿಕೆ. ಏಕ, ಝಂಪೆ, ಅಷ್ಟ, ತ್ರಿವುಡೆ ಎಂದು ತಾಳ ಬದಲಿಸುತ್ತ ಶೃಂಗಾರದಿಂದ ವೀರಕ್ಕೆ, ಹಾಸ್ಯದಿಂದ ಕರುಣಕ್ಕೆ ಹರಿಯುವ ಪ್ರಸಂಗವನ್ನು ಯಾವ ಬಿಂದುವಿನಲ್ಲಿ ಕೂರಿಸಲು ಸಾಧ್ಯ? ಇದು ಲೆಕ್ಕದ ತಪ್ಪಲ್ಲ, ಸಂಗೀತವೆಂದರೇನು ಎಂಬ ಕಲ್ಪನೆಯಲ್ಲೇ ಇರುವ ಇಕ್ಕಟ್ಟು. ತಗ್ಗಿನ ನಾದವನ್ನು ಎತ್ತಿ ಕೊಡುವ ಕ್ಲಿಯರ್ ಬಾಸ್ ಮದ್ದಳೆಯ ಗುಂ ಎಂಬ ನಾದವನ್ನು ಇಯರ್‌ಫೋನಿನಲ್ಲಿ ತುಂಬಿಕೊಡಬಲ್ಲದು. ಆದರೆ ಆಟದ ಬಯಲಿನಲ್ಲಿ ಮಾಡಿದ ಮುದ್ರಣಗಳಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಸೇರಿದ್ದರೆ ಅದನ್ನೂ ಅಷ್ಟೇ ಎತ್ತಿಬಿಡುತ್ತದೆ.

ದೃಶ್ಯದ ವಿಷಯದಲ್ಲಿ ಹೆಚ್ಚು ಹೇಳುವಂತಿಲ್ಲ. ಮುಖಕ್ಕೆ ಚುಕ್ಕೆ ಚುಕ್ಕೆಯಾಗಿ ಇಟ್ಟ ಬಣ್ಣದ ವೇಷದ ಚುಟ್ಟಿ ಎರಡು ಇಂಚು ಚಿಲ್ಲರೆಯ ಪರದೆಯಲ್ಲಿ ಬರಿಯ ಬಿಳಿ ಕಲೆಯಾಗಿ ಉಳಿಯುತ್ತದೆ.

980ರಲ್ಲಿ ಎಲ್ಲಕ್ಕಿಂತ ಅಮೂಲ್ಯವಾದುದು ಅದರ ಎಫ್ಎಂ ಪ್ರಸಾರಕ, ಅಂದರೆ ಫೋನಿನೊಳಗಿನ ಧ್ವನಿಯನ್ನು ಕೆಲವೇ ಮೀಟರ್ ದೂರದ ಯಾವ ಎಫ್ಎಂ ರೇಡಿಯೋಗಾದರೂ ಅಲೆಯಾಗಿ ಕಳುಹಿಸುವ ಪುಟ್ಟ ಏರ್ಪಾಟು. ಇಯರ್‌ಫೋನು ಒಬ್ಬನನ್ನು ಮಾತ್ರ ಕೇಳುಗನನ್ನಾಗಿ ಮಾಡುತ್ತದೆ, ತಾಳಮದ್ದಳೆಯಾದರೋ ಹುಟ್ಟಿದ್ದೇ ಸಭೆಯಲ್ಲಿ. ಪಾತ್ರವಾಗಿ ಮಾತನಾಡುವ ಅರ್ಥಧಾರಿಯ ಒಂದು ಮಾತಿನ ತಿರುವಿಗೆ ಪಕ್ಕದವನು ತಲೆದೂಗುವುದು ಕೂಡ ಆ ಕಲೆಯ ಭಾಗವೇ; ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾದವನ್ನು ಒಬ್ಬನೇ ಕೇಳುವುದಕ್ಕೂ ನಾಲ್ವರೊಡನೆ ಕೇಳುವುದಕ್ಕೂ ಇರುವ ಅಂತರ ಈ ಸೀಮೆಯ ಕೇಳುಗರಿಗೆ ವಿವರಿಸಬೇಕಾದುದಲ್ಲ. ಮಂಗಳೂರು ಆಕಾಶವಾಣಿಯ ಯಕ್ಷಗಾನ ಪ್ರಸಾರಕ್ಕಾಗಿ ಜಗಲಿಯಲ್ಲಿ ಇಟ್ಟ ರೇಡಿಯೋಗೆ ಎಫ್ಎಂ ಹಿಡಿಯುವ ಶಕ್ತಿಯಿದ್ದರೆ ಅದೇ ಈ ಫೋನಿನ ಧ್ವನಿಪೆಟ್ಟಿಗೆಯಾಗುತ್ತದೆ. ಬಳಸುವವನು ಮಾಡಬೇಕಾದುದು ಖಾಲಿ ಜಾಗ ಹುಡುಕುವುದಷ್ಟೆ: ಮಂಗಳೂರಿನ ಕೇಂದ್ರಗಳು ಹಿಡಿದಿರುವ 92.7, 93.5, 98.3, 100.3ರ ಆಸುಪಾಸನ್ನು ಬಿಟ್ಟು, ಬರಿಯ ಸರಸರ ಸದ್ದು ಮಾತ್ರ ಕೇಳುವಲ್ಲಿ ಫೋನನ್ನೂ ರೇಡಿಯೋವನ್ನೂ ಒಂದೇ ಅಂಕಿಗೆ ನಿಲ್ಲಿಸಿದರೆ, ಆ ಸರಸರ ತಟ್ಟನೆ ಅಡಗಿ ಭಾಗವತರ ಜಾಗಟೆ ಜಗಲಿಗೆ ಬರುತ್ತದೆ.