ಹಿಂಡಿನ ಹೊರಗಿನ ಪದ

ದೆಹಲಿಯ ದರಿಯಾಗಂಜ್, ಮುಂಬೈಯ ಫ್ಲೋರಾ ಫೌಂಟನ್, ಹೈದರಾಬಾದಿನ ಆಬಿಡ್ಸ್. ಹಳೆಯ ಪುಸ್ತಕಗಳನ್ನು ಎಲ್ಲಿ ರಾಶಿ ಹಾಕಿದ್ದರೂ ಅದರಲ್ಲಿ ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಜಿ’ ಇದ್ದೇ ಇರುತ್ತದೆ. ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಜನರ ಬಾಡಿಗೆ ಕೋಣೆಗಳಲ್ಲೂ ಅದೊಂದು ಪ್ರತಿ ಇದ್ದಿರಬೇಕು. ಸಾಮಾನ್ಯವಾಗಿ ಅದರ ಮೊದಲ ನಲವತ್ತು ಪುಟಗಳ ಅಂಚು ಕೈಬೆವರಿಗೆ ಕಪ್ಪಾಗಿರುತ್ತದೆ. ಉಳಿದ ಪುಟಗಳು ಹೊಸದಾಗಿಯೇ ಇರುತ್ತವೆ. ಇಷ್ಟು ಮಂದಿ ಕೊಂಡ ಈ ಪುಸ್ತಕವನ್ನು ಕನ್ನಡದಲ್ಲಿ ಯಾರೂ ಪುಸ್ತಕವೆಂದು ಎಣಿಸಿ ವಿಮರ್ಶೆ ಮಾಡಿದ್ದನ್ನು ನಾನು ಕಂಡಿಲ್ಲ. ಪರೀಕ್ಷೆಗೆ ಓದಿ ಬಿಸಾಡುವ ಸಾಮಗ್ರಿ ಎಂಬ ತಾತ್ಸಾರ ಇದಕ್ಕೆ ಕಾರಣವಿರಬಹುದು.

ಪುಸ್ತಕ ಮೊದಲು ಬಂದದ್ದು 1949ರಲ್ಲಿ, ಅಮೆರಿಕದಲ್ಲಿ. ಪದಸಂಪತ್ತು ಹೆಚ್ಚಿದರೆ ಬದುಕು ಸುಧಾರಿಸುತ್ತದೆ ಎಂಬ ನಂಬಿಕೆ ಅಲ್ಲಿ ಬಲವಾಗಿದ್ದ ಕಾಲ ಅದು. ‘ರೀಡರ್ಸ್ ಡೈಜೆಸ್ಟ್’ನಲ್ಲಿ ವಿಲ್ಫ್ರೆಡ್ ಫಂಕ್ ಅವರ ಪದಶಕ್ತಿಯ ಅಂಕಣ 1945ರಲ್ಲಿ ಶುರುವಾಗಿತ್ತು. ಅದಕ್ಕೂ ಮುಂಚೆ, 1942ರಲ್ಲಿ, ಫಂಕ್ ಮತ್ತು ಲೂಯಿಸ್ ಸೇರಿ ಮೂವತ್ತು ದಿನಗಳಲ್ಲಿ ಪದಸಂಪತ್ತು ಬೆಳೆಸುವ ಪುಸ್ತಕವೊಂದನ್ನು ಬರೆದಿದ್ದರು. ನಮ್ಮಲ್ಲಿ ಈ ನಂಬಿಕೆ ಬ್ಯಾಂಕ್ ಪರೀಕ್ಷೆ, ಕ್ಯಾಟ್, ಜಿಆರ್‌ಇಗಳ ಬೆನ್ನೇರಿ ಬಂತು.

ಲೂಯಿಸ್ ಒಳ್ಳೆಯ ಮೇಷ್ಟ್ರು. ಪಟ್ಟಿ ಕೊಟ್ಟು ಉರು ಹೊಡೆಯಿರಿ ಎನ್ನುವವರಲ್ಲ. ಮೊದಲು ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸುತ್ತಾರೆ, ಆಮೇಲೆ ಅವನಿಗೆ ಹೆಸರಿಡುತ್ತಾರೆ. ಸುಳ್ಳುಗಾರರ ಅಧ್ಯಾಯವನ್ನೇ ನೋಡಿ. ಸುಳ್ಳ ಎಂದು ಊರಿಗೆಲ್ಲ ಗೊತ್ತಿರುವವನು ‘ನೊಟೋರಿಯಸ್’. ಸುಳ್ಳನ್ನು ಕಲೆಯಾಗಿ ಪಳಗಿಸಿಕೊಂಡವನು ‘ಕನ್ಸಮೇಟ್’. ಎಷ್ಟು ತಿದ್ದಿದರೂ ತಿದ್ದದವನು ‘ಇನ್‌ಕರಿಜಿಬಲ್’. ಎಣ್ಣೆ ಹಚ್ಚಿದಂತೆ ನಾಲಿಗೆ ಜಾರುವವನು ‘ಗ್ಲಿಬ್’. ಓದುವಾಗ ನಮ್ಮ ಬಳಗದ ಮುಖಗಳೇ ಒಂದೊಂದಾಗಿ ನೆನಪಾಗುತ್ತವೆ. ಪದವನ್ನು ಬಾಯಿಬಿಟ್ಟು ಹೇಳಿಸುತ್ತಾರೆ, ಬರೆಸುತ್ತಾರೆ, ನಾಲ್ಕು ಪುಟ ದಾಟಿದ ಮೇಲೆ ಮತ್ತೆ ಕೇಳುತ್ತಾರೆ.

ಅವರ ಮುಖ್ಯ ಉಪಾಯ ಗ್ರೀಕ್, ಲ್ಯಾಟಿನ್ ಬೇರುಗಳನ್ನು ಹಿಡಿಯುವುದು. ಒಂದು ಬೇರು ಹಿಡಿದರೆ ಹತ್ತು ಪದಗಳು ಮಣ್ಣಿನ ಸಮೇತ ಮೇಲೆ ಬರುತ್ತವೆ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳನ್ನು ಶಾಲೆಯಲ್ಲಿ ಒಟ್ಟಿಗೆ ಕಲಿತ ನಮಗೆ ಇದು ಹೊಸದಲ್ಲ. ನಮ್ಮವರಿಗೆ ಈ ಪುಸ್ತಕ ಬೇಗ ಒಗ್ಗುವುದಕ್ಕೆ ಇದೂ ಒಂದು ಕಾರಣ. ನನ್ನ ತಕರಾರು ಶುರುವಾಗುವುದೂ ಇಲ್ಲೇ.

ಅದೇ ಸುಳ್ಳುಗಾರರ ಸಾಲಿನಲ್ಲಿ ‘ಎಗ್ರೀಜಿಯಸ್’ ಎಂಬ ಪದವಿದೆ. ಅದರ ಬೇರು ಲ್ಯಾಟಿನ್ನಿನ ‘ಗ್ರೆಕ್ಸ್’, ಅಂದರೆ ಹಿಂಡು. ಹಿಂಡಿನಿಂದ ಹೊರಗೆ ಎದ್ದು ಕಾಣುವುದು ಎಗ್ರೀಜಿಯಸ್. ಮೊದಲ ಕೆಲಸದ ದಿನಗಳಲ್ಲಿ ಈ ಪದ ಕಲಿತ ವಾರವೇ ಸಹೋದ್ಯೋಗಿಯೊಬ್ಬರ ವರದಿಯಲ್ಲಿ ಕೂಡಿಸುವ ತಪ್ಪೊಂದು ನನ್ನ ಕಣ್ಣಿಗೆ ಬಿತ್ತು. ‘ಎಗ್ರೀಜಿಯಸ್ ಎರರ್’ ಎಂದು ಮೇಲ್ ಬರೆದೆ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಪದವನ್ನು ಒಮ್ಮೆ ಬಳಸಿ ನೋಡುವ ಆಸೆಯಷ್ಟೇ. ಅವರು ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಅಕ್ಷಮ್ಯ, ನಾಚಿಕೆಗೇಡು ಎಂಬಷ್ಟು ಭಾರ ಆ ಪದಕ್ಕಿದೆ ಎಂದು ನನಗೆ ಮೈಗೆ ತಾಗಿದ್ದು ಆಮೇಲೆ.

ಲೂಯಿಸ್ ಅರ್ಥವನ್ನು ತಪ್ಪಾಗಿ ಹೇಳಿರಲಿಲ್ಲ. ಆದರೆ ಬೇರು ಹೇಳುವುದು ಪದದ ಹುಟ್ಟನ್ನು; ಅದರ ನಡತೆಯನ್ನಲ್ಲ. 16ನೆಯ ಶತಮಾನದ ಇಂಗ್ಲಿಷಿನಲ್ಲಿ ಎಗ್ರೀಜಿಯಸ್ ಹೊಗಳಿಕೆಯೂ ಆಗಿತ್ತು. ಇಟಾಲಿಯನ್ನರು ಇಂದಿಗೂ ಔಪಚಾರಿಕ ಪತ್ರದಲ್ಲಿ ‘ಎಗ್ರೆಜಿಯೊ’ ಎಂದು ಗೌರವದಿಂದ ಸಂಬೋಧಿಸುವುದುಂಟು. ಹುಟ್ಟು ಒಂದೇ, ಬಾಳು ಬೇರೆ. ಉತ್ತರದ ಊರುಗಳಲ್ಲಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅವಸರ ಹಿಂದಿಯಲ್ಲಿ ಅವಕಾಶ, ನಮ್ಮ ಉಪನ್ಯಾಸ ಅಲ್ಲಿ ಕಾದಂಬರಿ, ನಮ್ಮ ಅನುಮಾನ ಅಲ್ಲಿ ಅಂದಾಜು. ನಾವು ಶಿಕ್ಷೆ ಎಂದು ಹೆದರುವುದನ್ನು ಅವರು ಓದು ಎಂದು ಕೊಂಡಾಡುತ್ತಾರೆ. ಸಂಸ್ಕೃತದ ಬೇರು ಗೊತ್ತಿದ್ದ ಮಾತ್ರಕ್ಕೆ ಇಲ್ಲಿ ಯಾರೂ ಪಾರಾಗುವುದಿಲ್ಲ.

ಇನ್ನೂ ಒಂದು ತೊಡಕಿದೆ. ಲೂಯಿಸ್ ಬರೆದದ್ದು ಇಂಗ್ಲಿಷನ್ನು ಮನೆಯಲ್ಲಿ, ಬೀದಿಯಲ್ಲಿ ಆಡಿ ಬೆಳೆದವರಿಗಾಗಿ. ಅವರ ಬಳಿ ಸಣ್ಣ ಪದಗಳೆಲ್ಲ ಇದ್ದವು, ಬೇಕಿದ್ದದ್ದು ದೊಡ್ಡವು. ನಮ್ಮದು ತಿರುಗುಮುರುಗು. ಪುಸ್ತಕದಿಂದ ಇಂಗ್ಲಿಷ್ ಕಲಿತ ನಮಗೆ ‘ಮ್ಯಾಗ್ನಾನಿಮಸ್’ ಸುಲಭ. ‘ಗೆಟ್’ ಮತ್ತು ‘ಪುಟ್’ ಕಷ್ಟ. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸುವುದು. ಪದ ಅದೇ, ಬಾಲ ಬದಲಾದರೆ ಲೋಕವೇ ಬದಲು. ಕನ್ನಡ ಕಲಿಯುವ ಹೊರಗಿನವರನ್ನು ಕೇಳಿ. ‘ಪ್ರಜಾಪ್ರಭುತ್ವ’ ಒಂದು ದಿನದಲ್ಲಿ ಬರುತ್ತದೆ. ‘ಬಿಟ್ಟುಬಿಡು’, ‘ಬಂದುಬಿಟ್ಟ’, ‘ಇರಲಿ ಬಿಡು’ ಈ ಮೂರರಲ್ಲಿರುವ ‘ಬಿಡು’ ವರ್ಷಗಟ್ಟಲೆ ಕಾಡುತ್ತದೆ.

ಪರೀಕ್ಷೆ ನಡೆಸುವವರಿಗೂ ಇದು ತಡವಾಗಿ ಹೊಳೆದಂತಿದೆ. 2011ರಲ್ಲಿ ಜಿಆರ್‌ಇ ಬಿಡಿಪದಗಳ ವಿರುದ್ಧಾರ್ಥ ಕೇಳುವುದನ್ನು ಕೈಬಿಟ್ಟು, ವಾಕ್ಯದ ನಡುವೆ ಪದ ಹೇಗೆ ಕೂರುತ್ತದೆ ಎಂದು ಕೇಳತೊಡಗಿತು. 2016ರಲ್ಲಿ ಸ್ಯಾಟ್ ಪರೀಕ್ಷೆಯೂ ಅಪರೂಪದ ಪದಗಳ ಹಂಗು ಬಿಟ್ಟು ಇದೇ ದಾರಿಗೆ ಬಂತು.

ಹಾಗೆಂದು ದೊಡ್ಡ ಪದ ಬೇಡವೆಂದು ನಾನು ಹೇಳುತ್ತಿಲ್ಲ. ಕಡಿಮೆ ಇಂಗ್ಲಿಷಿಗಾಗಿ ಸಂದರ್ಶನಗಳಲ್ಲಿ ತಲೆ ತಗ್ಗಿಸಿದವರಿಗೆ ಈ ಪುಸ್ತಕ ಕೊಟ್ಟ ಧೈರ್ಯ ಸುಳ್ಳಲ್ಲ, ನನಗೂ ಕೊಟ್ಟಿದೆ. ಆದರೆ ಇದು ಅರ್ಧ ಪುಸ್ತಕ. ಉಳಿದರ್ಧವನ್ನು ಬೇರೆಯವರಲ್ಲಿ ಓದಬೇಕು. ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ಆರ್.ಕೆ. ನಾರಾಯಣರನ್ನು ಓದಿದರೂ ಸಾಕು. ಅವರ ಕಾದಂಬರಿಗಳಲ್ಲಿ ನಿಘಂಟು ತೆರೆಸುವ ಪದಗಳು ಕಡಿಮೆ. ಯಾವ ಸಣ್ಣ ಪದ ಎಲ್ಲಿ ಕೂರಬೇಕು ಎಂಬ ಅರಿವು ಪುಟಪುಟದಲ್ಲೂ ಇದೆ.

ಆ ಮೇಲ್ ಅನ್ನು ಈಗ ಬರೆಯುವುದಾದರೆ, ‘ಒಟ್ಟು ಮೊತ್ತ ತಾಳೆಯಾಗುತ್ತಿಲ್ಲ, ಒಮ್ಮೆ ನೋಡುತ್ತೀರಾ?’ ಎಂದಷ್ಟೇ ಇಂಗ್ಲಿಷಿನಲ್ಲಿ ಕೇಳುತ್ತೇನೆ. ಅದಕ್ಕೆ ಬೇಕಾದ ಪದಗಳಲ್ಲಿ ಒಂದೂ ಲೂಯಿಸರ ಪಟ್ಟಿಯಲ್ಲಿ ಬರುವಂಥದ್ದಲ್ಲ.