ಪಂಪ್ ಬಿಚ್ಚುವ ಮುನ್ನ ಕೇಬಲ್ ನೋಡಿ

ಮಾಗಡಿಯ ರಾಗಿ ಹೊಲಕ್ಕಾಗಲಿ, ಕನಕಪುರದ ಹಿಪ್ಪುನೇರಳೆ ತೋಟಕ್ಕಾಗಲಿ ಹೊರಡಬೇಕಾದ ಹಳೆಯ ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸಿದರೆ ನಮ್ಮಲ್ಲಿ ಎರಡು ಮಾತು ಬೇಗ ಬರುತ್ತವೆ: ಪಂಪ್ ಹೋಗಿದೆ, ಇಲ್ಲವೇ ರಿಂಗ್ ಸವೆದಿದೆ. ಎರಡೂ ನಿಜವಿರಬಹುದು. ಆದರೆ ಎರಡೂ ದೊಡ್ಡ ಖರ್ಚಿನ, ಹದವಾದ ಮಳೆ ಬಿದ್ದ ವಾರದಲ್ಲೇ ಗಾಡಿಯನ್ನು ಶೆಡ್ಡಿನಲ್ಲಿ ಕೂರಿಸುವ ತೀರ್ಪುಗಳು. ಅವನ್ನು ಕೊನೆಗಿಡಬೇಕು ಎಂಬುದು ನನ್ನ ವಾದ. ಸೆಲ್ಫ್ ಹೊಡೆದಾಗ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ನಿಧಾನವಾಗಿ ತಿರುಗುವ ಗಟ್ಟಿ ಎಂಜಿನ್ ಸವೆದ ಎಂಜಿನ್ನಿನ ಲಕ್ಷಣಗಳನ್ನೇ ತೋರಿಸುತ್ತದೆ. ನಾವು ಮೋಸಹೋಗುವುದು ಅಲ್ಲಿಯೇ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಿಂದ ಹಿಡಿದು ನಮ್ಮ ಮಹೀಂದ್ರ ಬಿ-275, ಮ್ಯಾಸಿ 1035, ಎಚ್‌ಎಂಟಿ 2511ರವರೆಗೂ ತತ್ತ್ವ ಒಂದೇ: ಗಾಳಿಯನ್ನು ಅದುಮಿದರೆ ಕಾಯುತ್ತದೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. 20 ಡಿಗ್ರಿಯ ಗಾಳಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದರೆ, ಕಾವು ಎಲ್ಲಿಯೂ ಸೋರದಿದ್ದರೆ, ಲೆಕ್ಕದಲ್ಲಿ ಅದು 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಜವಾದ ಸಿಲಿಂಡರಿನಲ್ಲಿ ಕಾವು ಸೋರುತ್ತದೆ. ಸೈಕಲ್ಲಿಗೆ ಜೋರಾಗಿ ಗಾಳಿ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದೆ, ಮೆಲ್ಲಗೆ ಒತ್ತಿದರೆ ಆಗುವುದಿಲ್ಲ. ಎಂಜಿನ್ ನಿಧಾನವಾಗಿ ತಿರುಗಿದಾಗಲೂ ಹಾಗೆಯೇ. ಗಾಳಿಗೆ ರಿಂಗಿನ ಸಂದಿನಿಂದ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ, ಉಳಿದ ಗಾಳಿಯ ಕಾವನ್ನು ತಣ್ಣನೆಯ ಗೋಡೆ ಹೀರಿಕೊಳ್ಳುತ್ತದೆ. ಡೀಸೆಲ್ ಪಂಪಿನ ಪ್ಲಂಜರ್ ಕೂಡ ನಿಧಾನವಾಗುವುದರಿಂದ ನಾಝಲ್ ಮಂಜಿನಂತೆ ಚಿಮ್ಮಿಸಬೇಕಾದ ಡೀಸೆಲ್ಲನ್ನು ದಪ್ಪ ಹನಿಯಾಗಿ ಉಗುಳುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಹತ್ತುವುದಿಲ್ಲ. ನೋಡಿದವರು ರಿಂಗ್ ಎನ್ನುತ್ತಾರೆ, ಪಂಪ್ ಎನ್ನುತ್ತಾರೆ. ಬ್ಯಾಟರಿಯ ದೌರ್ಬಲ್ಯವೊಂದೇ ಎರಡೂ ರೋಗದ ವೇಷ ಹಾಕಿರುತ್ತದೆ.

ಚಳಿಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ. ಹಿಮ ಬೀಳುವ ದೇಶಗಳಲ್ಲಿ ಅದು ಸರಿ. ಪಕ್ಕದ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಮಾಗಿಯ ಚಳಿಗೆ ಸೋಲುವ ಎಂಜಿನ್ನಿನಲ್ಲಿ ಬೇರೆ ದೋಷ ಇದ್ದೇ ಇರುತ್ತದೆ. ಹೀಟರ್ ಇರುವ ಮಾದರಿಯಾದರೆ ಹೀಟರ್ ಕಾಯುತ್ತಿದೆಯೇ ಎಂದು ನೋಡಿದರೆ ಚಳಿಯ ಮಾತು ಮುಗಿಯಿತು.

ನನ್ನ ವಾದಕ್ಕೆ ಅತಿ ಬಲವಾದ ಸಾಕ್ಷ್ಯ ರೈತರ ರೂಢಿಯಲ್ಲೇ ಇದೆ. ರಾಮನಗರ, ಮಾಗಡಿ ಕಡೆಯ ನೆಲ ಬಂಡೆ, ದಿಣ್ಣೆಗಳ ನೆಲ, ಇಳಿಜಾರಿಗೆ ಬರವಿಲ್ಲ. ರಾತ್ರಿ ಗಾಡಿಯನ್ನು ದಿಣ್ಣೆಯ ಮೇಲೆ ನಿಲ್ಲಿಸಿ, ಬೆಳಿಗ್ಗೆ ಜಾರಲು ಬಿಟ್ಟು, ಗೇರಿಗೆ ಹಾಕಿ ಕ್ಲಚ್ ಬಿಡುತ್ತಾರೆ. ಎರಡು ಮಾರು ಹೋಗುವಷ್ಟರಲ್ಲಿ ಎಂಜಿನ್ ಹತ್ತುತ್ತದೆ. ಆ ಕ್ಷಣದಲ್ಲಿ ಪಂಪ್, ನಾಝಲ್, ರಿಂಗ್ ಎಲ್ಲವೂ ಹಿಂದಿನ ದಿನದವೇ. ಬದಲಾದದ್ದು ತಿರುಗುವ ವೇಗ ಮಾತ್ರ. ಸವೆದ ಎಂಜಿನ್ ಕೂಡ ವೇಗವಾಗಿ ಉರುಳಿಸಿದರೆ ಹತ್ತುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಸವೆದ ಎಂಜಿನ್ ಬೇರೆ ಗುರುತುಗಳನ್ನೂ ಬಿಡುತ್ತದೆ: ಕೆಲಸದ ನಡುವೆ ನೀಲಿ ಹೊಗೆ, ಬೇಗ ಇಳಿಯುವ ಆಯಿಲ್, ಬ್ರೀದರಿನಿಂದ ಬುಸುಗುಟ್ಟುವ ಗಾಳಿ, ನೇಗಿಲು ಕಟ್ಟಿದಾಗ ಉಬ್ಬಸ. ಇವೇನೂ ಇಲ್ಲದೆ, ದಿನವಿಡೀ ಚೆನ್ನಾಗಿ ಉತ್ತು ಬೆಳಿಗ್ಗೆ ಮಾತ್ರ ಮುನಿಯುವ ಗಾಡಿಯ ಬೋರ್ ಬಿಚ್ಚಿಸುವುದು ಅನ್ಯಾಯ. ಇಳಿಜಾರಿನ ಉಪಾಯವನ್ನೇ ಖಾಯಂ ಮಾಡಿಕೊಳ್ಳುವುದೂ ಬೇಡ. ಹಳೆಯ ಬ್ರೇಕನ್ನು ನಂಬಿ ದಿಣ್ಣೆಯ ಮೇಲೆ ನಿಂತ ಟ್ರ್ಯಾಕ್ಟರಿನ ಕೆಳಗಡೆ ಮಕ್ಕಳು ಆಡುತ್ತಿರುತ್ತಾರೆ.

ಬ್ಯಾಟರಿ ಹೊಸದು, ಅಲ್ಲಿ ದೋಷವಿರಲು ಸಾಧ್ಯವಿಲ್ಲ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಸೆಲ್ಫ್ ಮೋಟಾರ್ ಸುಮಾರು 300 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೂ 3 ವೋಲ್ಟ್ ಅಲ್ಲೇ ಕರಗುತ್ತದೆ, ಅಂದರೆ 12 ವೋಲ್ಟಿನಲ್ಲಿ ಕಾಲು ಭಾಗ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿ ಹಿಟ್ಟು, ಬಣ್ಣದ ಮೇಲೆಯೇ ಬಿಗಿದ ಅರ್ಥ್ ಬೋಲ್ಟ್, ಮೂಲ ಕೇಬಲ್ ಹೋದಾಗ ಹಾಕಿಸಿದ ತೆಳು ವೈರ್, ಇವುಗಳಲ್ಲಿ ಯಾವುದಾದರೂ ಒಂದೇ ಅಷ್ಟು ತಡೆ ಒಡ್ಡಬಲ್ಲದು. ಇದನ್ನು ಊಹಿಸಬೇಕಿಲ್ಲ, ಮಾಮೂಲಿ ಮೀಟರ್ ಸಾಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆ 9.6 ವೋಲ್ಟಿಗಿಂತ ಕಡಿಮೆ ತೋರಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ. ಬ್ಯಾಟರಿ ಚೆನ್ನಾಗಿದ್ದು, ಅದರ ಮೈನಸ್ ಕಂಬಕ್ಕೂ ಎಂಜಿನ್ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ಕೆಟ್ಟಿದೆ. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ದಪ್ಪ ಕೇಬಲ್ ಬಿಗಿಸಿದರಾಯಿತು. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಶಾರ್ಟ್ ಮಾಡುವ ಅಭ್ಯಾಸ ಪ್ರಾಣಕ್ಕೆ ಎರವು. ಗಾಡಿ ಗೇರಿನಲ್ಲಿದ್ದರೆ ಹಿಂದಿನ ಚಕ್ರ ನಿಂತವನ ಮೇಲೆಯೇ ಹತ್ತುತ್ತದೆ.

ಸೆಲ್ಫ್ ಚುರುಕಾಗಿ ತಿರುಗಿಸಿಯೂ ಸೈಲೆನ್ಸರಿನಿಂದ ಹೊಗೆಯೇ ಬರದಿದ್ದರೆ ದೋಷ ಡೀಸೆಲ್ ಬರುವ ದಾರಿಯಲ್ಲಿದೆ. ಆಗಲೂ ಮೊದಲ ಅನುಮಾನ ಗಾಳಿಯ ಮೇಲಿರಲಿ. ಟ್ಯಾಂಕ್ ಮೇಲಿರುವ ಗಾಡಿಯಲ್ಲಿ ಗಾಳಿ ಸೇರುವುದೆಂತು ಎಂದು ಕೇಳಬಹುದು; ಪೈಪ್ ಸಡಿಲಿದ್ದರೆ ಡೀಸೆಲ್ ಹೊರಗೆ ಜಿನುಗಬೇಕಿತ್ತಲ್ಲವೇ? ಟ್ಯಾಂಕಿನ ಜಾಲರಿ ಕಟ್ಟಿಕೊಂಡಾಗ ಫೀಡ್ ಪಂಪ್ ಅದರಾಚೆಗಿನ ಪೈಪನ್ನು ಹೀರತೊಡಗುತ್ತದೆ. ಹೀರುವ ಕಡೆಯ ಸಂದು ಒಳಗೆ ಗಾಳಿ ಎಳೆಯುತ್ತದೆ, ಹೊರಗೆ ತೇವ ಕಾಣಿಸುವುದಿಲ್ಲ. ಡೀಸೆಲ್ ತಳ ಕಂಡಿರುವ ಗಾಡಿಯನ್ನು ದಿಣ್ಣೆಯ ಮೇಲೆ ಓರೆಯಾಗಿ ನಿಲ್ಲಿಸಿದರೆ ಟ್ಯಾಂಕಿನ ಹೊರಬಾಯಿಯೇ ಬರಿದಾಗಬಹುದು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪ್ರೈಮರ್ ಒತ್ತಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಮರುದಿನ ಮತ್ತೆ ಗುಳ್ಳೆ ಬಂದರೆ ತಾಮ್ರದ ವಾಷರ್‌ಗಳನ್ನು ಬದಲಿಸಬೇಕು ಎಂಬುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಒಮ್ಮೆ ಒತ್ತಿಸಿಕೊಂಡ ವಾಷರ್ ಗಡುಸಾಗಿ, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ.

ಪಂಪಿನ ವಿಷಯದಲ್ಲಿ ನಾನು ಇಷ್ಟು ಹಿಂದೇಟು ಹಾಕಲು ಕಾರಣ ಅದರ ಸೂಕ್ಷ್ಮತೆ. 1951ರಲ್ಲಿ ಮೈಕೋ ಎಂದು ಶುರುವಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ಕಾರ್ಖಾನೆ ಈಗ ನಮ್ಮ ಬಿಡದಿಯಲ್ಲೇ ಇದೆ. ದೇಶದ ಎಷ್ಟೋ ಟ್ರ್ಯಾಕ್ಟರುಗಳ ಪಂಪ್, ನಾಝಲ್ ಆ ಕಂಪನಿಯವು. ಇಂಥ ಪಂಪಿನಲ್ಲಿ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಕಣದ ಧೂಳಿನಲ್ಲಿ ಬಿಚ್ಚಿದರೆ ಇಲ್ಲದ ಸವೆತ ಅಂದೇ ಶುರುವಾಗುತ್ತದೆ. ಎಚ್‌ಎಂಟಿಯಂಥ ಗಾಡಿಗಳ ಕಷ್ಟ ಇನ್ನೂ ಹೆಚ್ಚು. ಅದರ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದ್ದರಿಂದ ತಯಾರಕರ ಬಿಡಿಭಾಗದ ಆಸರೆಯೂ ಉಳಿದಿಲ್ಲ. ಸೆಲ್ಫ್ ವೇಗ ಸರಿಯಿದ್ದು, ಗುಳ್ಳೆಯಿಲ್ಲದ ಡೀಸೆಲ್ ಪಂಪಿನವರೆಗೆ ಬಂದು, ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದಾಗಲೂ ಅಲ್ಲಿ ಡೀಸೆಲ್ ಪುಟಿಯದಿದ್ದರೆ, ಮೊದಲು ಸ್ಟಾಪ್ ಎಳೆದೇ ಉಳಿದಿದೆಯೇ ನೋಡಿ. ಅದೂ ಸರಿಯಿದ್ದರೆ ಪಂಪನ್ನು ಇಳಿಸಿ, ಪೈಪಿನ ಬಾಯಿಗಳಿಗೆಲ್ಲ ಮುಚ್ಚಳ ಹಾಕಿ, ನಾಝಲ್‌ಗಳನ್ನೂ ಜೊತೆಗಿಟ್ಟು, ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಒಯ್ಯಿರಿ.